ಅಂಗಿಯ ಒಳಮೈ

ಜೂನ್ 2, ಬೆಳಿಗ್ಗೆ

ಬ್ರಶ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಬರೆಯುತ್ತಿದ್ದೇನೆ. ನಮ್ಮ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಹಸಿರು ಬಣ್ಣ ಕೊಟ್ಟವನು ನಾನೇ. ಮೂವತ್ತು ವರ್ಷದ ಹಿಂದೆ ಸ್ಟೇಡಿಯಂ ಗೋಡೆಗೆ ನಾನು ಬಳಿದ ಹಸಿರು ನೋಡಿಯೇ ಅವರು ಅಂಗಿ ಹೊಲಿಸಿದ್ದು. ಅದು ಸ್ಟೇಡಿಯಂ ಅಲ್ಲ, ಪಕ್ಕದ ಪಾಯಿಖಾನೆ ಎಂದು ಹೆಂಡತಿ ಹೇಳುತ್ತಾಳೆ. ಹೇಳಲಿ. ಬಣ್ಣ ಬಣ್ಣವೇ.

ಒಂಬತ್ತನೇ ತಾರೀಖು ಸೆಮಿಫೈನಲ್. ಎದುರಾಳಿಗಳದ್ದೂ ಹಸಿರು. ಎರಡೂ ಕಡೆ ಒಂದೇ ಬಣ್ಣವಾದರೆ ಒಬ್ಬರು ಬದಲಿ ಅಂಗಿ ತೊಡಬೇಕಂತೆ, ಅದು ರೂಲ್. ನಮ್ಮ ಬದಲಿ ಬಿಳಿ. ಕ್ಷೌರದಂಗಡಿಯಲ್ಲಿ ಬೆಳಿಗ್ಗೆಯೇ ಇದೇ ಜಗಳ. ಒಬ್ಬನಿಗೆ ಕಾಲರ್ ಬೇಕು, ಇನ್ನೊಬ್ಬನಿಗೆ ಬೆನ್ನ ಮೇಲೆ ಪಟ್ಟೆ ಬೇಕು. ಪಟ್ಟೆ ಬಂದರೆ ನಂಬರ್ ಕಾಣದು, ಅದಕ್ಕೂ ರೂಲ್ ಇದೆ ಎಂದು ನಾನು ಬಾಯಿ ಮುಚ್ಚಿಸಿದೆ.

ಕ್ಷೌರದವನು ಕತ್ತರಿ ಆಡಿಸುತ್ತ, "ಬಿಳಿ ಹಾಕ್ಕೊಂಡಾಗ್ಲೇ ನಮ್ಮೋರು ಚೆನ್ನಾಗಿ ಆಡೋದು ಪೇಂಟರಣ್ಣ. ಈ ಸಲ ಬಿಳಿನೇ," ಎಂದ.

"ನನ್ನ ಹಸಿರನ್ನ ಬಿಚ್ಚಿಸೋ ಗಂಡು ಇನ್ನೂ ಹುಟ್ಟಿಲ್ಲ," ಎಂದೆ.

ಬಾಜಿ ಕಟ್ಟಿದೆವು. ಐವತ್ತು. ಚಹಾ ಖರ್ಚು.

ಜೂನ್ 3

ಬೀದಿಯವರೆಲ್ಲ ಸೇರಿ, ಮ್ಯಾಚ್ ದಿನ ಎಲ್ಲರೂ ತೊಡಲು ತಂಡದ ಬಣ್ಣದ ಅಂಗಿ ಹೊಲಿಸುವ ಜವಾಬ್ದಾರಿ ನನಗೇ ವಹಿಸಿದ್ದಾರೆ. ಬೇರೆ ಯಾರಿಗೆ ವಹಿಸುತ್ತಾರೆ? ಒಂದು ಥಾನು ಹಸಿರು ಬಟ್ಟೆ ತಂದು ನಾದಿನಿಯ ಹೊಲಿಗೆ ಅಂಗಡಿಯಲ್ಲಿ ಹಾಕಿದೆ. ಅವಳು ಬಟ್ಟೆ ಮುಟ್ಟಿ ನೋಡಿ, ಟೇಪನ್ನು ಕೊರಳಿಗೆ ಹಾಕಿಕೊಂಡು, "ಭಾವ, ಇನ್ನೊಂದೆರಡು ದಿನ ಕಾಯೋಣ್ವಾ? ಯಾವ ಬಣ್ಣ ಅಂತ ಗೊತ್ತಾಗ್ಲಿ," ಎಂದಳು.

"ನಿಂಗೇನು ಗೊತ್ತು ಬಣ್ಣದ ವಿಷಯ? ಕತ್ತರಿಸು."

ನಕ್ಕಳು. ಆ ನಗು ಸರಿಯಿಲ್ಲ.

ಸಂಜೆ ಹೆಂಡತಿ ಹೊಸ ಏಣಿಯ ದುಡ್ಡು ಕೈಗಿಟ್ಟಳು. ಹೋದ ತಿಂಗಳು ಹಳೆಯದರ ಮೂರನೇ ಮೆಟ್ಟಿಲು ಮುರಿದು ಬಿದ್ದಿದ್ದೆ. ಬಿದ್ದಿದ್ದಲ್ಲ, ಹಾರಿ ಇಳಿದಿದ್ದೆ.

ಜೂನ್ 5

ಏನೋ ನಡೆಯುತ್ತಿದೆ.

ಕೆಲಸ ಮುಗಿಸಿ ಬರುವಾಗ ನಾದಿನಿಯ ಅಂಗಡಿ ಬಾಗಿಲು ಅರ್ಧ ಹಾಕಿತ್ತು. ಸಂದಿಯಲ್ಲಿ ನೋಡಿದೆ. ಬಿಳಿ ಬಟ್ಟೆ! ಗಂಟುಗಟ್ಟಲೆ. ಪಕ್ಕದಲ್ಲಿ ಕೂತು ಮಡಿಸುತ್ತಿದ್ದವಳು ನನ್ನ ಹೆಂಡತಿ. ನಾನು ಕೆಮ್ಮಿದೆ. ಗಂಟಿನ ಮೇಲೆ ಹಸಿರು ಬಟ್ಟೆ ಎಳೆದರು.

"ಏನದು?"

"ಲಾಡ್ಜಿನ ಹಳೇ ಹಾಸಿಗೆ ಬಟ್ಟೆ ರೀ. ಎಸೀತಿದ್ರು, ತಂದ್ಬಿಟ್ಟೆ," ಎಂದಳು. ಅವಳು ಲಾಡ್ಜಿನಲ್ಲಿ ಬಟ್ಟೆ ಒಗೆಯುವ ಕೆಲಸದವಳು, ಮಾತು ಸುಳ್ಳಿರಲಾರದು. ಆದರೆ ಅಲ್ಲಿಗೇಕೆ ತಂದಳು?

ಕ್ಷೌರದವನು ಇವರಿಬ್ಬರನ್ನೂ ಒಳಗೆ ಹಾಕಿಕೊಂಡಿದ್ದಾನೆ. ನನ್ನನ್ನು ಸೋಲಿಸಲು ಬಿಳಿ ಅಂಗಿ ತಯಾರಾಗುತ್ತಿದೆ. ನೇರವಾಗಿ ಹೋಗಿ ಬಾಜಿ ಏರಿಸಿ ಬಂದೆ. ಹೆದರುವ ಕುಳ ನಾನಲ್ಲ. ಐವತ್ತು ಎಂದು ಬರೆದಿದ್ದೆನಲ್ಲ, ಈಗ ಇನ್ನೂರು. ಅಷ್ಟೇ.

ಜೂನ್ 8

ಅಂಗಿ ಬಂದವು. ಹಸಿರೇ. ಆದರೆ ತೂಕ! ಒಂದೊಂದೂ ಚಳಿಗಾಲದ ಕೋಟಿನ ಹಾಗಿದೆ. ಒಳಮೈ ನೋಡಲು ಹೋದೆ, ನಾದಿನಿ ಕೈಯಿಂದ ಕಿತ್ತುಕೊಂಡಳು. "ಇಸ್ತ್ರಿ ಹಾಳಾಗುತ್ತೆ ಭಾವ."

ಹೆಂಡತಿ ಏಣಿ ಎಲ್ಲಿ ಎಂದಳು. ಅಂಗಡಿ ಮುಚ್ಚಿದೆ ಎಂದೆ. ನಾಲ್ಕು ದಿನದಿಂದಲಾ ಎಂದಳು. ಅಂಗಡಿಯವನ ಅತ್ತೆಗೆ ಹುಷಾರಿಲ್ಲ ಎಂದೆ. ಅವಳು ನನ್ನನ್ನೇ ನೋಡಿದಳು… ಈಚೆಗೆ ಬಹಳ ನೋಡುತ್ತಾಳೆ.

ಜೂನ್ 9, ಮ್ಯಾಚ್ ಮುಗಿದ ಮೇಲೆ

ಕ್ಷೌರದಂಗಡಿ ಮುಂದೆ ಟಿವಿ. ಇಡೀ ಬೀದಿ ಹಸಿರು. ಮುಂದಿನ ಕುರ್ಚಿ ನನ್ನದು. ತಂಡಗಳು ಹೊರಬಂದವು. ಹಸಿರು ನೋಡಿ ಎದ್ದು ಕುಣಿದೆ. ಬೀದಿಯೂ ಕುಣಿಯಿತು. ಆಮೇಲೆ ಮುಖ ತೋರಿಸಿದರು. ಅವು ನಮ್ಮ ಮುಖಗಳಲ್ಲ. ನಮ್ಮವರು ಬಿಳಿ.

ಎಲ್ಲ ತಣ್ಣಗಾಯಿತು. ಹಿಂದಿನಿಂದ ಯಾವನೋ, "ಮಾವ, ನಾವೀಗ ಯಾರ ಕಡೆ?" ಎಂದ.

ನಾದಿನಿ ಸ್ಟೂಲಿನ ಮೇಲೆ ಹತ್ತಿದಳು. "ಎಲ್ರೂ ಅಂಗಿ ಬಿಚ್ಚಿ, ಒಳಗಡೆದು ಹೊರಗೆ ಮಾಡಿ ಹಾಕ್ಕೊಳ್ಳಿ."

ತಿರುಗಿಸಿದರೆ ಬಿಳಿ! ಹೊಲಿಗೆ ಎರಡೂ ಕಡೆ ಒಂದೇ ನಯ. ನಿಮಿಷದಲ್ಲಿ ಬೀದಿ ಬಿಳಿಯಾಯಿತು. ನಾನೊಬ್ಬ ಹಸಿರು. ಬಿಚ್ಚಲಿಲ್ಲ. ಹೆಂಡತಿ ಬಂದು "ಕೈ ಎತ್ತಿ" ಎಂದಳು. ಎತ್ತಿದೆ. ತಲೆಯ ಮೇಲಿಂದ ಎಳೆದು, ತಿರುಗಿಸಿ ತೊಡಿಸಿದಳು. ಬೆನ್ನಿನ ಮೇಲೆ, ನಂಬರ್ ಇರಬೇಕಾದ ಜಾಗದಲ್ಲಿ, ಲಾಡ್ಜಿನ ಸೀಲು: ಮೂರನೇ ಮಹಡಿ. ಹಿಂದೆ ಕೂತವರು ಮ್ಯಾಚಿಗಿಂತ ಅದನ್ನೇ ಹೆಚ್ಚು ನೋಡಿದರು.

"ಮೊದ್ಲೇ ಹೇಳೋಕೇನಾಗಿತ್ತು?" ಎಂದೆ.

"ಹೇಳಿದ್ರೆ ಒಪ್ತಿದ್ರಾ?" ಎಂದಳು.

ನಾದಿನಿ ಸೇರಿಸಿದಳು: "ಯಾವ ಬಣ್ಣ ಅಂತ ನಮ್ಗೂ ಗೊತ್ತಿರ್ಲಿಲ್ಲ ಭಾವ. ನಿಮ್ಮ ಬಾಯಿ ನಂಬ್ಕೊಂಡು ಬೀದಿ ಮರ್ಯಾದೆ ಬಿಡೋಕಾಗುತ್ತಾ?"

ಎರಡು-ಒಂದು ಗೋಲಿನಿಂದ ಗೆದ್ದೆವು. ಎಲ್ಲರೂ ನನ್ನನ್ನೂ ಎತ್ತಿ ಕುಣಿಸಿದರು. ಎರಡು ಬಣ್ಣದ ಅಂಗಿ ನನ್ನದೇ ಐಡಿಯಾ ಎಂದು ನಾಲ್ಕು ಜನಕ್ಕಾದರೂ ಹೇಳಿದೆ. ಇಬ್ಬರು ನಂಬಿದರು. ಕ್ಷೌರದವನು ಮಾತ್ರ ಕಿವಿಯ ಹತ್ತಿರ ಬಂದು, "ಬೆಳಿಗ್ಗೆ ಬರ್ತೀನಿ," ಎಂದ.

ಜೂನ್ 10, ಬೆಳಿಗ್ಗೆ

ಬಂದ. ಕೊಟ್ಟೆ. ಹೆಂಡತಿ ಒಳಗಿದ್ದಾಳೆ ಎಂದುಕೊಂಡಿದ್ದೆ.

ಈಗ ಅಂಗಳದಲ್ಲಿ ಹಳೇ ಏಣಿಯನ್ನು ಮಲಗಿಸಿಕೊಂಡು ಕೂತಿದ್ದಾಳೆ. ಮೂರನೇ ಮೆಟ್ಟಿಲಿಗೆ ಗಟ್ಟಿ ಕೋಲು ಜೋಡಿಸಿ, ಹೊಸ ಹಗ್ಗ ಸುತ್ತಿ, ಕಾಲು ಕೊಟ್ಟು ಬಿಗಿಯುತ್ತಿದ್ದಾಳೆ. "ಏನ್ ಮಾಡ್ತಿದ್ದೀಯ?" ಎಂದೆ.

"ಅಂಗಡಿಯವನ ಅತ್ತೆಗೆ ಗುಣವಾಗೋವರೆಗೆ," ಎಂದಳು. ತಲೆ ಎತ್ತಲಿಲ್ಲ.

ಇವಳಿಗೆ ಗೊತ್ತಿದೆ. ಎಷ್ಟು ಎಂಬುದೂ ಗೊತ್ತಿರಬೇಕು. ಗೊತ್ತಿದ್ದೂ ಹಗ್ಗ ಬಿಗಿಯುತ್ತಿದ್ದಾಳೆ.

ಇಲ್ಲಾದರೂ ಸರಿಯಾಗಿ ಬರೆಯುತ್ತೇನೆ. ಐವತ್ತಲ್ಲ. ಇನ್ನೂರೂ ಅಲ್ಲ. ಮೂರು ಸಾವಿರದ ಎಂಟುನೂರು. ಅಂದರೆ ಏಣಿಯ ಪೂರ್ತಿ ದುಡ್ಡು.