ಹಿಮದ ಯಂತ್ರಕ್ಕೆ ಆಯುಧಪೂಜೆ

ಸ್ಯಾಲಿಸ್‌ಬರಿ, ಅಡಿಲೇಡ್
ಅಕ್ಟೋಬರ್ 2015

ಅಕ್ಕಾ, ನಮಸ್ಕಾರ. ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ. ನಾವು ಹೊಚ್ಚ ಹೊಸ ಕಾರು ಕೊಂಡೆವು. ಆಯುಧಪೂಜೆಗೆಂದು ಅದನ್ನು ತೊಳೆದು ಓರಗಿತ್ತಿ ಶ್ರೀಲಕ್ಷ್ಮಿಯ ಮನೆಗೆ ಒಯ್ದರೆ, ಅಂಗಳದ ನಡುವೆ ಹಿಮ ತೆಗೆಯುವ ಯಂತ್ರ! ಭಾವ ಕೆನಡಾದಿಂದ ಇಲ್ಲಿಗೆ ಬರುವಾಗ ಹಡಗಿನಲ್ಲಿ ತಂದದ್ದು. ಈ ಊರಿನಲ್ಲಿ ಹಿಮ ಬೀಳುವುದೇ ಇಲ್ಲ. ಆದರೂ ಚಳಿಗಾಲ ಮುಗಿಯಿತೆಂದು ಪೆಟ್ರೋಲ್ ಬಸಿದು, ಬ್ಲೇಡಿಗೆ ಎಣ್ಣೆ ಸವರಿ, ಎತ್ತಿಡುವ ಮೊದಲು ಪೂಜೆಗೆ ನಿಲ್ಲಿಸಿದ್ದರು. ಬಂದ ಕನ್ನಡದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನಮ್ಮ ಕಾರಿನ ಬಾನೆಟ್ ಮೇಲೆ ತಿಂಡಿ ಡಬ್ಬಿಗಳನ್ನಿಟ್ಟರು.

"ದೊಡ್ಡೋರ್ದು ಮೊದ್ಲಾಗ್ಲಿ ಕಣೇ" ಎಂದು ಶ್ರೀಲಕ್ಷ್ಮಿ ನಿಂಬೆಹಣ್ಣುಗಳನ್ನು ಯಂತ್ರದ ಚಕ್ರದಡಿ ಇಟ್ಟಳು. ಭಾವ ಹಗ್ಗ ಎಳೆದೇ ಎಳೆದರು, ಸ್ಟಾರ್ಟ್ ಆಗಲೇ ಇಲ್ಲ. ತಾವೇ ಪೆಟ್ರೋಲ್ ಬಸಿದದ್ದು ಅವರಿಗೆ ಮರೆತೇಹೋಗಿತ್ತು! ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ "ತಡಿ ಅಣ್ಣ, ನಾನ್ ತಳ್ತೀನಿ" ಎಂದು ಓಡಿದವರು ಯಾರು ಹೇಳು? ನಮ್ಮ ಯಜಮಾನರೇ, ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಒಬ್ಬರೂ ತಿರುಗಿ ನೋಡಲಿಲ್ಲ.

ತಳ್ಳಿ ತಳ್ಳಿ ಇವರಿಗೆ ಸೊಂಟ ಹಿಡಿದಿದೆ. ಯಾರಾದರೂ ಇಲ್ಲಿಗೆ ಬರುವವರಿದ್ದರೆ ನೋವಿನ ಎಣ್ಣೆ ಕಳಿಸು. ಕಾರ್ಡಿನಲ್ಲಿ ಜಾಗ ಮುಗಿಯಿತು. ಮೈಸೂರಿನಲ್ಲಿ ಯಾರಾದರೂ ಕೇಳಿದರೆ, ಹಿಮದ ಯಂತ್ರ ನಮ್ಮದೇ ಎನ್ನು.

ನಿನ್ನ ತಂಗಿ,
ನಿವೇದಿತಾ