ಕುಳಿತ ತಾಲೀಮು

ಶುಕ್ರವಾರ, ಸಂಜೆ

ಸಭೆಯಲ್ಲಿ ನೆರೆದಿರುವ ಮಹಾಜನರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಬೆಂಚಿನ ಗಲಾಟೆಯವರೇ, ಪರದೆಯ ಹಿಂದೆ ಬಣ್ಣ ಹಚ್ಚಿಕೊಳ್ಳುತ್ತ ಕಿವಿಯನ್ನು ಮಾತ್ರ ಇತ್ತ ಕೊಟ್ಟಿರುವ ರಾಜರಾಣಿಯರೇ, ಮತ್ತು ಇದನ್ನು ಅವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಬೇಕಾದ ನನ್ನ ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರ. ಕಂಪನಿಯವರನ್ನೆಲ್ಲ ಕೂರಿಸಿಕೋ. ವಾದ್ಯದವರು ಕೈ ಸುಮ್ಮನಿಡಲಿ. ಇಂದಿನ ಕಥೆಗೆ ಹಿನ್ನೆಲೆ ಸಂಗೀತ ಬೇಡ, ನನ್ನ ಗಂಟಲೇ ಸಾಕು.

ಕಥೆಯ ನಾಯಕಿ ನಿನ್ನ ಮಗಳು. ಹೌದು, ‘ಇನ್ನೊಂದ್ಸಲ’ ಎಂದು ಅಡ್ಡಹೆಸರಿಟ್ಟು ನೀವೆಲ್ಲ ಗೇಲಿ ಮಾಡುತ್ತಿದ್ದ ಅದೇ ಹುಡುಗಿ. ಎಲ್ಲರೂ ಸಾಕಪ್ಪಾ ಎಂದು ಮುಖವಾಡ ಕಳಚಿದ ಮೇಲೂ ಇನ್ನೊಂದ್ಸಲ ತಾಲೀಮು ಮಾಡೋಣ ಎಂದು ಜೀವ ತಿನ್ನುತ್ತಿದ್ದಳಲ್ಲ, ಅವಳೇ. ನಾನು ದುಡಿಯುವ ಈ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳ ಪರೀಕ್ಷಾ ಅವಧಿಗೆ ಇವತ್ತು ಕೊನೆಯ ದಿನ. ಗೆದ್ದರೆ ಕಾಯಂ ಕೆಲಸ. ಸೋತರೆ ಗಂಟುಮೂಟೆ ಕಟ್ಟಿಕೊಂಡು ನಿನ್ನ ಬಳಿ ಬಂದು, ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡಬೇಕು ಎಂದು ನೀನೇ ಕರಾರು ಹಾಕಿದ್ದೆ.

ಮೊದಲು ರಂಗಸಜ್ಜಿಕೆಯನ್ನು ಕಣ್ಣಿಗೆ ತಂದುಕೊಳ್ಳಿ. ಕಿಟಕಿಯಿಲ್ಲದ, ಚಳಿ ಹಿಡಿಸುವ ಕೋಣೆ. ಬೀರುವಿನೆತ್ತರದ ಕಬ್ಬಿಣದ ಚೌಕಟ್ಟುಗಳಲ್ಲಿ ಸರ್ವರ್‌ಗಳು. ಫ್ಯಾನುಗಳ ಭೋರ್ಗರೆತದಲ್ಲಿ ಪಿಸುಮಾತು ಯಾರಿಗೂ ಕೇಳಿಸದು. ಅದಕ್ಕೇ ನನ್ನ ದನಿಗೆ ಅಲ್ಲಿ ಇನ್ನೂ ಬೆಲೆಯಿದೆ. ಅಲ್ಲಿ ಬಣ್ಣಬಣ್ಣದ ಚಿತ್ರ ಒತ್ತುವ ಕೆಲಸವಿಲ್ಲ. ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅಷ್ಟೇ. ಆಜ್ಞೆ ಬರೆದು ಎಂಟರ್ ಒತ್ತಿದರೆ ಯಂತ್ರ ಮರುಮಾತಿಲ್ಲದೆ ಮಾಡಿ ಮುಗಿಸುತ್ತದೆ. ಇಂಥ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ನಮ್ಮ ನಾಟಕದ ಪ್ರತಿಯ ಹಾಗೆಯೇ. ಆದರೆ ಇಲ್ಲಿನ ನಟ ಬಲು ವಿಧೇಯ. ಸಾಯಿ ಎಂದು ಬರೆದಿದ್ದರೆ ನಿಜಕ್ಕೂ ಸಾಯುತ್ತಾನೆ, ಪರದೆ ಬಿದ್ದ ಮೇಲೆ ಎದ್ದು ಕಾಫಿ ಕೇಳುವುದಿಲ್ಲ.

ಊಟದ ಹೊತ್ತಿಗೆ ಸ್ಕ್ಯಾನಿಂಗ್ ವಿಭಾಗದಿಂದ ಫೋನು ಬಂತು. ಡಿಸ್ಕ್ ತುಂಬಿಹೋಗಿದೆ, ಹೊಸ ಚಿತ್ರ ಸೇವ್ ಆಗುತ್ತಿಲ್ಲ, ಯಂತ್ರ ನಿಲ್ಲಿಸಿದ್ದೇವೆ ಎಂದರು. ಹೊರಗೆ ಓಡಿ ನೋಡಿದೆ. ಪಡಸಾಲೆಯುದ್ದಕ್ಕೂ ಗಾಲಿಕುರ್ಚಿಗಳು, ಗೋಡೆಗೆ ಒರಗಿಸಿದ ಊರುಗೋಲುಗಳು. ತಲೆಗೆ ಪಟ್ಟಿ ಕಟ್ಟಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿಯೊಬ್ಬಳು ನರ್ಸ್ ಮುಖವನ್ನೇ ನೋಡುತ್ತಿದ್ದಳು.

ನಾನು ಕೋಣೆಗೆ ಮರಳುವಷ್ಟರಲ್ಲಿ ಪ್ರವೇಶವಾಯಿತು ನಮ್ಮ ಮುಖ್ಯಸ್ಥರದು. ಬೆನ್ನ ಹಿಂದೆ ನಾವು ಅವರನ್ನು ಸೇನಾಪತಿ ಎನ್ನುತ್ತೇವೆ, ಏಕೆಂದರೆ ಬಾಗಿಲಲ್ಲಿ ಅವರಿಗಿಂತ ಮೊದಲು ಅವರ ಎದೆ ಒಳಗೆ ಬರುತ್ತದೆ. ಬಂದವರೇ ಅಪ್ಪಣೆ ಕೊಟ್ಟರು: ಹಳೆಯ ಕಸ ಗುಡಿಸುವ ಸ್ಕ್ರಿಪ್ಟ್ ಇದೆಯಲ್ಲ, ತಾತ್ಕಾಲಿಕ ಪ್ರತಿಗಳನ್ನು ಅಳಿಸಿ ಜಾಗ ಮಾಡುವುದು, ಅದನ್ನು ಈಗಲೇ ಓಡಿಸಿ. ಆ ಸ್ಕ್ರಿಪ್ಟನ್ನು ನಾನೇ ಎಷ್ಟೋ ಸಲ ಕಣ್ಣುಮುಚ್ಚಿ ಓಡಿಸಿದ್ದೇನೆ. ಆದರೆ ಇಂದು ನಾನು ಕೀಲಿಮಣೆಯ ಹತ್ತಿರ ಹೋಗಲಿಲ್ಲ. ಕೈಕಟ್ಟಿ ಗೋಡೆಗೆ ಆತು ನಿಂತೆ. ಯಾಕೆಂದು ಈಗ ಕೇಳಬೇಡಿ. ಕುರ್ಚಿಯಲ್ಲಿ ಕುಳಿತವಳು ಇವಳು.

ಕುಳಿತವಳು ಎಂಟರ್ ಒತ್ತಬೇಕೋ ಬೇಡವೋ? ಒತ್ತಲಿಲ್ಲ. ತಲೆಯೆತ್ತಿ ನಿಧಾನವಾಗಿ ಹೇಳಿದಳು:

“ಸರ್, ಮೊದಲು ಕೂತು ಓದಿಸ್ತೀನಿ.”

ಸೇನಾಪತಿಗೆ ಅರ್ಥವಾಗಲಿಲ್ಲ. ಕಂಪನಿಯವರಿಗೆ ಆಗಿರಬೇಕು. ಅಕ್ಕಾ, ನಿನ್ನ ಕುಳಿತ ತಾಲೀಮನ್ನು ನಾವು ಎಷ್ಟು ಶಪಿಸುತ್ತಿದ್ದೆವು! ಯಾರೂ ಎದ್ದು ನಿಲ್ಲುವಂತಿಲ್ಲ, ಕತ್ತಿ ಮುಟ್ಟುವಂತಿಲ್ಲ. ಚಾಪೆಯ ಮೇಲೆ ಕುಳಿತು ಪ್ರತಿಯೊಬ್ಬನೂ ತಾನು ಮಾಡಲಿರುವುದನ್ನು ಬಾಯಲ್ಲಿ ಹೇಳಬೇಕು. ನಾನೊಮ್ಮೆ ಬಲಗಡೆಯಿಂದ ಬರುತ್ತೇನೆ, ಕತ್ತಿ ಹಿರಿಯುತ್ತೇನೆ, ಮಂತ್ರಿಯನ್ನು ಇರಿಯುತ್ತೇನೆ ಎಂದು ಗುಡುಗಿದಾಗ ನೀನು ಕನ್ನಡಕದ ಮೇಲಿಂದ ನೋಡಿ, “ಯಾವ ಮಂತ್ರಿನೋ? ಅವನು ಎರಡನೇ ಅಂಕದಲ್ಲೇ ಸತ್ತೋದ್ನಲ್ಲ,” ಎಂದಿದ್ದೆ. ಸಭೆಯೆದುರು ಗಾಳಿಗೆ ಇರಿದು ನಗೆಪಾಟಲಾಗುವುದು ಅಂದು ತಪ್ಪಿತ್ತು.

ನಿನ್ನ ಮಗಳು ಮಾಡಿದ್ದೂ ಅದನ್ನೇ. ‘ಎಕೋ’ ಎಂಬ ಆಜ್ಞೆಯೊಂದಿದೆ. ಬೇರೊಂದು ಆಜ್ಞೆಯ ಮುಂದೆ ಅದನ್ನು ಬರೆದರೆ ಯಂತ್ರ ಆ ಕೆಲಸ ಮಾಡುವುದಿಲ್ಲ, ಏನು ಮಾಡಲಿದ್ದೆ ಎಂದು ಬರೆದು ತೋರಿಸುತ್ತದೆ. ಅಳಿಸುವ ಸಾಲಿನ ಮುಂದೆ ಅವಳು ಅದನ್ನು ಕೂರಿಸಿದಳು. ಸೇನಾಪತಿಗಳು ಗಡಿಯಾರ ನೋಡಿಕೊಂಡು ರೇಗಿದರು:

“ಇದೇನಮ್ಮಾ, ನಾಟಕದ ಕಂಪನಿನಾ?”

ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಅವಳು ಸ್ಕ್ರಿಪ್ಟನ್ನು ಓಡಿಸಿದಳು.

ಪರದೆ ಮಾತಾಡಿತು. ಏನೆಂದಿತು ಗೊತ್ತೇ? ತಾತ್ಕಾಲಿಕ ಪ್ರತಿಗಳ ಹೆಸರೇ ಅಲ್ಲಿರಲಿಲ್ಲ. ಇಡೀ ಸರ್ವರಿನ ಬುಡದಿಂದ ಹಿಡಿದು, ಯಂತ್ರ ಎದ್ದು ನಿಲ್ಲಲು ಬೇಕಾದ ಫೋಲ್ಡರುಗಳು, ವೈದ್ಯರ ಕಡತಗಳು, ಕಳೆದಷ್ಟೂ ವರ್ಷಗಳ ರೋಗಿಗಳ ಚಿತ್ರಗಳು, ಎಲ್ಲವನ್ನೂ ಅಳಿಸುತ್ತೇನೆ ಎಂದು ಸಾಲುಗಟ್ಟಿ ಹೇಳಿತು. ಕಸ ಗುಡಿಸಲು ಕರೆದವನು ಮನೆಯನ್ನೇ ಗುಡಿಸಿ ಹಾಕಲು ಸಜ್ಜಾಗಿದ್ದ. ಸೇನಾಪತಿಗಳ ಎದೆ ಅವರಿಗಿಂತ ಹಿಂದಕ್ಕೆ ಸರಿಯಿತು.

ಆದದ್ದಿಷ್ಟು. ಯಾವ ಫೋಲ್ಡರಿನ ಒಳಗಿನದನ್ನು ಅಳಿಸಬೇಕು ಎಂಬುದನ್ನು ಸ್ಕ್ರಿಪ್ಟು ಇನ್ನೊಂದು ಚಿಕ್ಕ ಕಡತದಿಂದ ಓದಿಕೊಳ್ಳುತ್ತಿತ್ತು. ಈಚೆಗೆ ಹೊಸ ಡಿಸ್ಕ್ ಕೂರಿಸುವಾಗ ಆ ಕಡತ ಜಾಗ ಬದಲಿಸಿತ್ತು. ಹೆಸರು ಸಿಗಲಿಲ್ಲ, ಖಾಲಿ ಉಳಿಯಿತು. ಖಾಲಿಯ ಒಳಗಿನದನ್ನೆಲ್ಲ ಅಳಿಸು ಎಂದರೆ ಆ ವಿಧೇಯ ನಟನಿಗೆ ಬುಡದಿಂದಲೇ ಎಲ್ಲವನ್ನೂ ಅಳಿಸು ಎಂದರ್ಥ. ಸತ್ತ ಮಂತ್ರಿಯನ್ನು ಹುಡುಕಿ ಹೊರಟ ನನ್ನ ಕತ್ತಿ ಸಭಿಕರನ್ನೇ ಕಡಿಯಲು ಹೊರಟಂತೆ.

ಮುಂದಿನ ಅಂಕ ನಿನ್ನ ಮಗಳದೇ. ಪಡಸಾಲೆಯಿಂದ ಮತ್ತೆ ಮತ್ತೆ ಫೋನು ಬಡಿದುಕೊಳ್ಳುತ್ತಿತ್ತು, ಅವಳ ಬೆರಳು ಮಾತ್ರ ಅವಸರಪಡಲಿಲ್ಲ. ಮೊದಲು ಸ್ಕ್ರಿಪ್ಟಿನ ತಲೆಯ ಮೇಲೊಂದು ಕಾವಲು ಬರೆದಳು: ಹೆಸರು ಖಾಲಿಯಿದ್ದರೆ ಇಲ್ಲೇ ನಿಲ್ಲು, ಯಾಕೆ ನಿಂತೆ ಎಂದು ಹೇಳು. ಕಡತವನ್ನು ಸರಿಪಡಿಸುವ ಮೊದಲೇ ಮತ್ತೆ ಓಡಿಸಿದಳು, ಕಾವಲುಗಾರ ನಿಜಕ್ಕೂ ತಡೆಯುತ್ತಾನೋ ನೋಡಬೇಕಿತ್ತಂತೆ. ತಡೆದ. ಆಮೇಲೆ ಕಡತವನ್ನು ಹುಡುಕಿ ಅದರ ಜಾಗಕ್ಕೆ ತಂದಳು. ಈಗಲಾದರೂ ಓಡಿಸಮ್ಮಾ ಎಂದರು ಸೇನಾಪತಿಗಳು, ಬೇಡುವ ದನಿಯಲ್ಲಿ. ಅವಳ ಬಾಯಿಂದ ಬಂದ ಮಾತನ್ನು ಇಡೀ ಕಂಪನಿ ಒಟ್ಟಿಗೆ ಹೇಳಲಿ:

“ಇನ್ನೊಂದ್ಸಲ.”

ಮತ್ತೆ ಕುಳಿತ ತಾಲೀಮು. ಈ ಬಾರಿ ಪರದೆಯ ಮೇಲೆ ಬಂದವು ತಾತ್ಕಾಲಿಕ ಪ್ರತಿಗಳು ಮಾತ್ರ. ಅವಳು ಪ್ರತಿ ಸಾಲಿಗೂ ಬೆರಳಿಟ್ಟು ಓದಿ, ‘ಎಕೋ’ವನ್ನು ತೆಗೆದು, ಕುರ್ಚಿಯಿಂದ ಎದ್ದು ನಿಂತು, ಈಗ ನೀವೇ ಒತ್ತಿ ಸರ್ ಎಂದಳು. ಸೇನಾಪತಿಗಳು ಬಿಸಿ ಬಾಣಲೆ ಮುಟ್ಟುವವರ ಹಾಗೆ ಒಂದೇ ಬೆರಳಲ್ಲಿ ಎಂಟರ್ ಒತ್ತಿದರು.

ಜಾಗವಾಯಿತು. ಸ್ಕ್ಯಾನಿಂಗ್ ಯಂತ್ರ ಮತ್ತೆ ಗುಂಯ್ ಎಂದಿತು. ಪಡಸಾಲೆಯ ಸಾಲು ಹಂದಾಡಿತು, ಪಟ್ಟಿ ಕಟ್ಟಿದ ಮಗು ಮೊದಲು ಒಳಗೆ ಹೋಯಿತು. ಸೇನಾಪತಿಗಳು ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಆ ಚಳಿ ಕೋಣೆಯಲ್ಲಿ, ಎಲ್ಲರೂ ಕೇಳುವಂತೆ ಹೇಳಿದರು:

“ನೀನು ಕಾಯಂ ಕಣಮ್ಮಾ. ಈ ಕೂತು ಓದೋದನ್ನ ನನ್ನಿಂದ ಹಿಡಿದು ಎಲ್ಲರಿಗೂ ಕಲಿಸಿಬಿಡು.”

ನಾನು ಚಪ್ಪಾಳೆ ತಟ್ಟಿದೆ. ಫ್ಯಾನುಗಳ ಸದ್ದನ್ನು ಮೀರಿ ತಟ್ಟಿದೆ. ನೀವೂ ತಟ್ಟಿ, ಅಲ್ಲಿಂದ ಇಲ್ಲಿಗೆ ಕೇಳಲಿ.

ಇಂತು,
ಅಂದು ಕಂಪನಿಯ ಮಹಾರಾಜ, ಇಂದು ಸರ್ವರುಗಳ ಸೇವಕ,
ನಿನ್ನ ತಮ್ಮ

ತಾ.ಕ.: ಇದನ್ನು ಗಟ್ಟಿಯಾಗಿ ಓದಬೇಡ ಅಕ್ಕಾ, ಇದು ನಿನಗೊಬ್ಬಳಿಗೆ. ‘ಅವಳು ಎಡವಿದರೆ ಕೈ ಹಿಡಿಯಬೇಡ, ಸೋತು ಮನೆಗೆ ಬರಲಿ, ಅವಳಿಲ್ಲದೆ ಕಂಪನಿ ಭಣಭಣ ಎನ್ನುತ್ತಿದೆ’ ಎಂದು ನೀನು ಗುಟ್ಟಾಗಿ ಬರೆದಿದ್ದೆಯಲ್ಲ, ಅದಕ್ಕೇ ನಾನು ಇಂದು ಕೈಕಟ್ಟಿ ನಿಂತದ್ದು. ನಿನ್ನ ಆಸೆಗೆ ಅಡ್ಡ ಬಂದದ್ದು ನಾನಲ್ಲ, ನೀನು ಕಲಿಸಿದ ಪಾಠ. ಬೈಯುವುದಾದರೆ ಆ ಚಾಪೆಯನ್ನು ಬೈದುಕೋ. ಈ ವಿಷಯ ಅವಳಿಗೆ ಗೊತ್ತಿಲ್ಲ; ಗೊತ್ತಾಗುವುದೂ ಬೇಡ. ಅವಳೂ ಒಂದು ಗುಟ್ಟು ಇಟ್ಟುಕೊಂಡಿದ್ದಳು. ಸೋಲುತ್ತೇನೆಂದು ಹೆದರಿ, ಬರುವಾಗ ನೀನು ಕೊಟ್ಟಿದ್ದ ಕಿರೀಟದ ಪೆಟ್ಟಿಗೆಗೆ ಬಟ್ಟೆ ತುಂಬಿ, ಇಲ್ಲಿ ನನ್ನ ಮನೆಯಲ್ಲಿ ತನ್ನ ಮಂಚದ ಕೆಳಗೆ ಇಟ್ಟಿದ್ದಾಳೆ. ಈಗಷ್ಟೇ ಕಂಡೆ. ನಾಳೆ ಬೆಳಗ್ಗೆ ಅವಳು ಏಳುವ ಮೊದಲೇ ಆ ಬಟ್ಟೆಗಳನ್ನು ನನ್ನ ಬೀರುವಿನ ಅರ್ಧ ಭಾಗಕ್ಕೆ ತೂಗುಹಾಕಿ, ಪೆಟ್ಟಿಗೆಯನ್ನು ಖಾಲಿ ಮಾಡಿ, ಮೊದಲ ಬಸ್ಸಿನಲ್ಲಿ ನಿನಗೆ ವಾಪಸ್ ಕಳಿಸುತ್ತೇನೆ.