ಪದಕಗೂಲಿ ಕೇಳಬೇಡಿ, ಕೊಟ್ರೇಶಜ್ಜ

ಹರಿಹರ
ಫೆಬ್ರವರಿ ೩೦, ೨೨೧೭

ಪೂಜ್ಯ ಕೊಟ್ರೇಶಜ್ಜನವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಹಾಲಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಸಂಬಳದ ಲೆಕ್ಕ ಸಲೀಸಾಗಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ವರ್ಷದ ಕೊನೆಗೆ ಮಿಗುವ ಐದು ದಿನಗಳಿಗೆ ಬಿಟ್ಟಿದಿನ ಅನ್ನುತ್ತೇವೆ. ಕೆಲಸ ಇರುತ್ತದೆ, ಸಂಬಳ ಇರುವುದಿಲ್ಲ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದವನ್ನು ತರುವವರು ಕಾಲಂಚೆಯವರು. ಕಾಲದಲ್ಲಿ ಹಿಂದಕ್ಕೆ ಹೋಗಿ, ಹಿಂದಿನವರಿಗೆ ಒಂದು ಮನೆತನದಿಂದ ಒಂದೇ ಕಾಗದ ಒಯ್ಯುತ್ತಾರೆ, ಮುಟ್ಟಿತೋ ಇಲ್ಲವೋ ಹೇಳುವುದಿಲ್ಲ. ಮುಟ್ಟುತ್ತದೆ ಅಂತ ನಂಬಿ ಬರೆಯುತ್ತಿದ್ದೇನೆ, ಇನ್ನೇನು ಮಾಡಲಿ?

ನೀವಿದ್ದ ಕಾಲೇಜಿನಲ್ಲೇ ನಾನೂ ದೈಹಿಕ ಶಿಕ್ಷಣ ನಿರ್ದೇಶಕಿ. ನಿಮ್ಮ ಕಥೆ ಮನೆಯಲ್ಲಿ ಕೇಳುತ್ತಲೇ ಬೆಳೆದೆ. ಉಪನ್ಯಾಸಕರ ಸಂಬಳದ ಅರ್ಧವೂ ನಿಮಗೆ ಬರುತ್ತಿರಲಿಲ್ಲವಂತೆ. ಪೀಪಿ ಮೇಷ್ಟ್ರು ಅಂತ ಅವರು ನಗುತ್ತಿದ್ದರಂತೆ. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣವನ್ನೂ ನೀವೇ ಕೈಯಿಂದ ದುಡ್ಡು ಹಾಕಿ ತರುತ್ತಿದ್ದಿರಂತೆ. ರೋಸಿಹೋಗಿ ಒಂದು ದಿನ ಆಡಳಿತ ಮಂಡಳಿಗೆ ಅರ್ಜಿ ಬರೆದಿರಿ: ಅವರಷ್ಟು ಕೊಡಲಾಗದಿದ್ದರೆ, ನನ್ನ ಮಕ್ಕಳು ತರುವ ಒಂದೊಂದು ಪದಕಕ್ಕೆ ಇಷ್ಟು ಅಂತಾದರೂ ಕೊಡಿ. ಆ ಅರ್ಜಿಗೆ ಈಗ ಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆಯೇ ತೂಗುಹಾಕಿದ್ದಾರೆ. ಅಯ್ಯೋ ಅಜ್ಜ, ಅಷ್ಟು ಒಳ್ಳೆಯ ಮನುಷ್ಯನಿಗೆ ಆ ಒಂದು ಸಾಲು ಬರೆಯುವ ಬುದ್ಧಿ ಯಾಕೆ ಬಂತು?

ಮಂಡಳಿ ಅದನ್ನೇ ಒಪ್ಪಿತು, ಅದಕ್ಕೀಗ ಪದಕಗೂಲಿ ಅಂತ ಹೆಸರು. ನಾಡಿನ ಎಲ್ಲ ಕಾಲೇಜುಗಳಲ್ಲೂ ಅದೇ ಕಾನೂನು. ಹೋದ ವರ್ಷ ನಾಲ್ಕು ಪದಕ ಬಂದವು, ನನ್ನ ಸಂಬಳ ಪ್ರಿನ್ಸಿಪಾಲರ ಏಳು ಪಟ್ಟಾಯಿತು. ನಮ್ಮ ಓಣಿಯವರ ಕಣ್ಣೆಲ್ಲ ನನ್ನ ಮೇಲೆ. ಆದರೆ ಇಷ್ಟು ಸಂಬಳ ತಗೊಳ್ಳುವವರು ಮಕ್ಕಳಿಗೆ ಊಟ ಹಾಕಲಿ ಅಂತ ಸರ್ಕಾರ ಹಾಸ್ಟೆಲಿನ ಅನುದಾನ ಎಂದೋ ನಿಲ್ಲಿಸಿಬಿಟ್ಟಿದೆ. ಇನ್ನೂರು ಮಕ್ಕಳು ನನ್ನ ಸಂಬಳದಲ್ಲೇ ಉಣ್ಣುತ್ತಾರೆ. ಬಿಸಿಲಿಗೆ ಹೊರಗೆ ಓಡುವಂತಿಲ್ಲ, ಆದ್ದರಿಂದ ನೆರಳಂಗಳ ಅನ್ನುವ ಚಾವಣಿ ಹಾಕಿದ ಮೈದಾನದಲ್ಲಿ ಬೆಳಗಿನ ಜಾವದಿಂದ ಓಡುತ್ತಾರೆ. ಓಡಿ ಬಂದವರಿಗೆ ರಾಗಿ ಅಂಬಲಿ, ಮಧ್ಯಾಹ್ನ ಜೋಳದ ರೊಟ್ಟಿ. ಕೆಲವರು ಎರಡು ರೊಟ್ಟಿ ಬಚ್ಚಿಟ್ಟು ಮನೆಗೆ ಒಯ್ಯುವುದು ನನಗೆ ಗೊತ್ತು, ಕಂಡೂ ಕಾಣದ ಹಾಗೆ ಇರುತ್ತೇನೆ.

ಈ ಕಾಲೇಜು ವರ್ಷದಲ್ಲಿ ಒಂದೂ ಪದಕ ಬಂದಿಲ್ಲ. ಪದಕ ಇಲ್ಲ ಅಂದರೆ ಸಂಬಳವೂ ಇಲ್ಲ. ಉಗ್ರಾಣದಲ್ಲಿ ಇರುವ ಜೋಳ ಹನ್ನೆರಡು ದಿನಕ್ಕೆ ಸಾಕು. ಉಳಿದಿರುವುದು ಎಂಟುನೂರು ಮೀಟರ್ ಓಟ ಒಂದೇ, ಗೆಲ್ಲಬಲ್ಲವಳು ಫಿಲೋಮಿನಾ ಒಬ್ಬಳೇ. ಹದಿನೇಳು ವರ್ಷದ ಹುಡುಗಿ, ಬಾಯಿ ತೆರೆದರೆ ಮೈದಾನವೆಲ್ಲ ನಗಬೇಕು, ಅಂಥವಳು. ಅವಳ ಬಲಮೊಣಕಾಲು ಊದಿಕೊಂಡಿದೆ. ಇನ್ನೊಂದು ಸಲ ಓಡಿದರೆ ಮುಂದೆ ಕುಂಟಿಕೊಂಡೇ ನಡೆಯಬೇಕಾಗುತ್ತದೆ ಅಂತ ಡಾಕ್ಟರಮ್ಮ ನನಗೆ ಮಾತ್ರ ಹೇಳಿದ್ದಾರೆ. ಅವಳಿಗೆ ನಾನು ಹೇಳಿಲ್ಲ. ನಾನು ಓಡಲಾ ಮೇಡಂ ಅಂತ ಇವತ್ತು ಸಂಜೆ ಕೇಳಿದಳು. ನೋಡೋಣ ಅಂದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಪದಕವಿಲ್ಲದೆಯೂ ಸಂಬಳ ಕೊಡಿ ಅಂತ ಪ್ರಿನ್ಸಿಪಾಲರನ್ನು ಕೇಳಿದೆ, ಕಾನೂನು ಕಣಮ್ಮ ಅಂದರು. ಜೋಳದ ಅಂಗಡಿಯವರ ಹತ್ತಿರ ಸಾಲ ಕೇಳಿದೆ, ಪದಕ ಬರಲಿ ಅಂದರು.

ಅದಕ್ಕೇ ಅಜ್ಜ, ಆ ಅರ್ಜಿ ಕೊಡಬೇಡಿ. ಬೇರೆಯವರಷ್ಟೇ ಸಂಬಳ ಕೊಡಿ ಅಂತ ಹಟ ಹಿಡಿಯಿರಿ, ಜಗಳ ಮಾಡಿ, ಬೇಕಾದರೆ ಕೆಲಸವನ್ನೇ ಬಿಡಿ. ಮಕ್ಕಳ ಕಾಲಿಗೆ ಮಾತ್ರ ಬೆಲೆ ಕಟ್ಟಬೇಡಿ. ಆ ತಿಂಗಳು ನಿಮ್ಮ ಮನೆಯಲ್ಲಿ ಅಕ್ಕಿ ಇರಲಿಲ್ಲ ಅನ್ನುವುದನ್ನೂ ಕೇಳಿದ್ದೇನೆ. ನಿಮ್ಮನ್ನು ಬೈಯಲು ನನಗೆ ಯಾವ ಬಾಯಿದೆ? ನಾಳೆ ಬೆಳಿಗ್ಗೆ ಏಳಕ್ಕೆ ಓಟ. ಫಿಲೋಮಿನಾಳ ಹೆಸರನ್ನು ಬರೆದುಕೊಟ್ಟು ಬಂದೇ ಈ ಕಾಗದಕ್ಕೆ ಕೂತೆ.

ನಿಮ್ಮದೇ ಕೆಲಸದಲ್ಲಿರುವ,
ಹಾಲಮ್ಮ